ಒಳಗೆ ಬಾರದ ತಮಟೆ

ಫಾದರ್ ಬೇಡ ಎಂದಿರಲಿಲ್ಲ. ಬೇಡ ಎಂದವಳು ನಾನು — ಗುಬ್ಬಿಯ ನಮ್ಮ ಚಿಕ್ಕ ಚರ್ಚಿನಲ್ಲಿ ವರ್ಷಾನುಗಟ್ಟಲೆ ಹಾರ್ಮೋನಿಯಂ ನುಡಿಸಿ, ಗಾನವೃಂದ ನಡೆಸಿ, ಎಲ್ಲರ ಬಾಯಲ್ಲೂ ಟೀಚರ್ ಎನ್ನಿಸಿಕೊಂಡ ಈ ಫಿಲೋಮಿನಾ. ಕಡಬದ ಚಿನ್ನಪ್ಪ ಪಾಸ್ಕ ಹಬ್ಬದ, ಎಂದರೆ ಈಸ್ಟರಿನ ಪೂಜೆಗೆ ತಮಟೆ ತಂದಾಗ ಅವನನ್ನು ಹೊರಗೇ ತಡೆದೆ. ತಡೆದದ್ದನ್ನು ಫಾದರ್ ತಲೆಗೆ ಕಟ್ಟಿದೆ. ಫಾದರ್ ಈಗಿಲ್ಲ. ಚಿನ್ನಪ್ಪನ ಅಪ್ಪ ರಾಯಪ್ಪನೂ ಇಲ್ಲ. ನಾನು ಮಾತ್ರ ಗಟ್ಟಿಮುಟ್ಟಾಗಿ ಇದ್ದೇನೆ, ಊಟ ಸೇರುತ್ತದೆ, ಹಾಡಲೂ ಆಗುತ್ತದೆ.

ಎಲ್ಲಿಂದ ಹೇಳಲಿ? ಚಿತ್ರದಿಂದಲೇ ಹೇಳುತ್ತೇನೆ. ನಮ್ಮ ಪೀಠದ ಹಿಂದೆ ಬಿಳಿ ಮೈಯ, ಹೊಂಬಣ್ಣದ ಕೂದಲಿನ ಯೇಸುವಿನ ಚಿತ್ರವಿತ್ತು. ಫಾದರ್ ಬಂದ ಹೊಸದರಲ್ಲೇ ಅದನ್ನು ತೋರಿಸಿ, “ಇವ್ರು ಗುಬ್ಬೀಲಿ ಹುಟ್ಟಿದ್ರೆ ಈ ಬಣ್ಣ ಇರ್ತಿತ್ತೇನ್ರಪ್ಪ? ನಮ್ ಥರ ಮುದ್ದೆ ಉಣ್ತಿರ್ಲಿಲ್ವಾ?” ಎಂದು ಕೇಳಿದರು. ಜನ ನಕ್ಕರು. ದೇವರು ಯಾವ ಜನಾಂಗದ ಸ್ವತ್ತೂ ಅಲ್ಲ, ಯೂರೋಪಿನವರು ತಮ್ಮ ಬಣ್ಣ ಬಳಿದು ಕಳಿಸಿದ್ದನ್ನೇ ನಾವು ದೇವರ ಬಣ್ಣ ಎಂದುಕೊಂಡೆವು, ಇನ್ನು ಮುಂದೆ ನಮ್ಮ ಸಂಸ್ಕೃತಿಯಲ್ಲೇ ಪೂಜೆ ನಡೆಯಲಿ ಎಂದರು. ಆ ಹೊಣೆಯನ್ನು ನನಗೆ ಒಪ್ಪಿಸಿದರು.

ನಾನು ಉಬ್ಬಿಹೋದೆ. ಮೇಣದಬತ್ತಿ ಹೋಗಿ ದೀಪದ ಕಂಬ ಬಂತು. ತುಮಕೂರಿನಿಂದ ವೀಣೆ ನುಡಿಸುವ ಹುಡುಗಿ ಬಂದಳು. ಕಾಣಿಕೆ ತರುವಾಗ ಭರತನಾಟ್ಯ, ಆಮೇಲೆ ಆರತಿ — ನಮ್ಮ ಸಂಸ್ಕೃತಿ! ನಿಜ ಹೇಳಲೇ? ನಮ್ಮಜ್ಜಿ ಸಾಯುವವರೆಗೂ ವೀಣೆಯನ್ನು ಕಣ್ಣಲ್ಲಿ ಕಂಡವಳಲ್ಲ. ಅವಳಿಗೆ ಗೊತ್ತಿದ್ದದ್ದು ರಾಗಿ ಬೀಸುವ ಹಾಡು. ಆದರೆ ನಮ್ಮದು ಹೊಲ, ತೆಂಗಿನ ತೋಟ ಇದ್ದ ಮನೆತನ. ಕ್ರೈಸ್ತರಾಗಿ ತಲೆಮಾರುಗಳು ಕಳೆದರೂ ಹೆಣ್ಣು ಗಂಡು ನೋಡುವಾಗ ಮೆಲ್ಲಗೆ ಜಾತಿ ವಿಚಾರಿಸುವವರು ನಾವು. ವೀಣೆ ನಮ್ಮನ್ನು ಇನ್ನೊಂದು ಮೆಟ್ಟಿಲು ಮೇಲೆ ಹತ್ತಿಸುತ್ತಿತ್ತು. ತಮಟೆ —

ರಾಯಪ್ಪ ಹಿಂದೆ ಕಡಬದ ಸುತ್ತಮುತ್ತ ಮಾರಿಹಬ್ಬಕ್ಕೂ ಸಾವಿಗೂ ತಮಟೆ ಬಡಿಯುತ್ತಿದ್ದ ಮನುಷ್ಯ. ಅವನು ದೀಕ್ಷಾಸ್ನಾನ ಪಡೆದಾಗ ಆಗಿದ್ದ ಹಳೆಯ ಗುರುಗಳು ತಮಟೆ ಬಿಡು ಎಂದಿದ್ದರಂತೆ. ಬಿಟ್ಟ. ಆದರೆ ಎಸೆಯಲಿಲ್ಲ, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ನನಗಿಂತ ಎಷ್ಟೋ ದೊಡ್ಡವನು; ನಾನೋ ಅವನನ್ನು “ರಾಯಪ್ಪ, ಬಾರೋ ಇಲ್ಲಿ” ಎಂದೇ ಕರೆಯುತ್ತಿದ್ದೆ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವನು ಬಾಗಿಲ ಬಳಿ ಕಾದಿದ್ದು ಕೇಳಿದ: “ಅಂಗಾದ್ರೆ ನಮ್ ತಮ್ಟೆನೂ ಒಳೀಕ್ ಬರ್ಬೋದಾ, ಟೀಚರಮ್ಮ?”

ಫಾದರನ್ನು ಕೇಳಿ ಹೇಳ್ತೀನಿ ಎಂದೆ. ಕೇಳಿದೆ ಕೂಡ. ಫಾದರ್ ಕುರ್ಚಿಯಿಂದ ಎದ್ದೇಬಿಟ್ಟರು. “ತರ್ಲಿ ಟೀಚರ್! ಎಲ್ಲಕ್ಕಿಂತ ಮೊದ್ಲು ಬರ್ಬೇಕಿದ್ದಿದ್ದೇ ಅದು!”

ಪಾಸ್ಕದ ಬೆಳಿಗ್ಗೆ ಚರ್ಚಿನ ಹಿಂದೆ ಒಣ ಗರಿ ಉರಿಸಿ ಚಿನ್ನಪ್ಪ ತಮಟೆ ಕಾಯಿಸುತ್ತಿದ್ದ. ಬಿಸಿ ತಾಗಿದರೆ ಚರ್ಮ ಬಿಗಿಯುತ್ತದೆ, ನಾದ ಏರುತ್ತದೆ. ಅವನು ಆಗಾಗ ಬೆರಳಲ್ಲಿ ತಟ್ಟಿ ನೋಡುತ್ತಿದ್ದ, ರಾಯಪ್ಪ ಬಿಳಿ ಅಂಗಿ ತೊಟ್ಟು ಪಕ್ಕದಲ್ಲಿ ನಿಂತು, “ಇನ್ನೊಸಿ ಕಾಯ್ಲಿ ಕಣ್ಲಾ” ಎನ್ನುತ್ತಿದ್ದ. ಒಳಗೆ, ನನ್ನ ಮಗಳನ್ನು ನೋಡಲು ಕುಣಿಗಲ್‌ನಿಂದ ಬಂದವರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ತಪ್ಪನ್ನು ಅವರ ಮೇಲೆ ಹಾಕಲಾರೆ — ಅವರು ತುಟಿ ಬಿಚ್ಚಿರಲಿಲ್ಲ. ಆ ಸದ್ದು ಗೋಡೆ ದಾಟಿ ಬಂದಾಗ ಮುಖ ಕಿವುಚಿದವಳು ನಾನೇ. ಪೀಠದ ಹತ್ತಿರ ಚರ್ಮವೇ ಎಂದುಕೊಂಡೆ. ಥೂ! ನನ್ನ ಹಾರ್ಮೋನಿಯಂ ಪಕ್ಕದಲ್ಲೇ ಇದ್ದ ತಬಲಕ್ಕೆ ಹಾಕಿದ್ದು ಏನಾಗಿತ್ತು?

ಹಿಂದಕ್ಕೆ ಹೋಗಿ ಹೇಳಿದೆ: “ಫಾದರ್ ಬೇಡ ಅಂದ್ರು ಕಣೋ ಚಿನ್ನಪ್ಪ. ತಮಟೆ ಒಳಗೆ ಬರೋದು ಬೇಡವಂತೆ.”

ಚಿನ್ನಪ್ಪ ನನ್ನನ್ನೇ ನೋಡಿದ. ಆಮೇಲೆ ಉರಿಯುತ್ತಿದ್ದ ಗರಿಯನ್ನು ಚಪ್ಪಲಿ ಕಾಲಲ್ಲಿ ತುಳಿದು ಆರಿಸಿದ. ರಾಯಪ್ಪ “ಓಗ್ಲಿ ಬುಡು ಮಗ, ಫಾದ್ರು ಏಳಿದ್ಮೇಲೆ” ಎಂದು ಒಬ್ಬನೇ ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂತ. ಮಗ ಬರಲಿಲ್ಲ. ತಮಟೆ ಎಲ್ಲಿ ಎಂದು ಫಾದರ್ ಕೇಳಿದಾಗ, ಅವರೇ ಸಂಕೋಚಪಟ್ಟು ಬೇಡ ಅಂದ್ರು ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಅಲ್ಲಿಂದ ಚಿನ್ನಪ್ಪ ನಮ್ಮ ಕಡೆ ತಲೆ ಹಾಕಲಿಲ್ಲ. ಹಿರೇಹಳ್ಳಿಯ ಫ್ಯಾಕ್ಟರಿಗೆ ಸೇರಿ, ಅಲ್ಲೇ ಹತ್ತಿರದ ಪ್ರಾಟೆಸ್ಟೆಂಟರ ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗಿದ. ಅಲ್ಲಿನ ಪಾಸ್ಟರ್, ತಮಟೆ ಹಳೆಯ ಜೀವನದ್ದು, ಹಳೆಯದೆಲ್ಲ ಕಳೆದುಹೋಯಿತು ಎಂದರಂತೆ, ಅಲ್ಲಿ ಕೀಬೋರ್ಡಿದೆ. ಕೇಳಿ ನನಗೆ ಒಳಗೊಳಗೇ ಸಮಾಧಾನವಾಗಿತ್ತು, ನೋಡಿ, ಅವರೂ ಬೇಡ ಅಂದ್ರಲ್ಲ ಎಂದು. ಆದರೆ ಅವರು ಎಲ್ಲರ ಹಳೆಯದನ್ನೂ ಬೇಡ ಎಂದರು. ನಾವು ಎಲ್ಲರ ಸಂಸ್ಕೃತಿಯೂ ಬರಲಿ ಎಂದು ಬಾಗಿಲು ತೆಗೆದು, ಬಂದವರ ಜಾತಿ ನೋಡಿದೆವು. ನಾವು ಎಂದರೆ — ಮತ್ತೆ ಜಾರಿಕೊಳ್ಳುತ್ತಿದ್ದೇನೆ. ನಾನು.

ರಾಯಪ್ಪ ಮಾತ್ರ ಕೊನೆಯವರೆಗೂ ನಮ್ಮ ಚರ್ಚಿಗೇ ಬಂದ. ಹಾಸಿಗೆ ಹಿಡಿದಾಗ, ಫಾದರ್ ಬಂದು ಹಣೆಗೆ ಪವಿತ್ರ ತೈಲ ಹಚ್ಚಲಿ ಎಂದು ಹೇಳಿಕಳಿಸಿದ. ಸಾಯುವ ಮುಂಚೆ ನಮ್ಮವರು ಬಯಸುವುದು ಅದೊಂದನ್ನೇ. ಫಾದರ್ ಜೊತೆ ಜೀಪಿನಲ್ಲಿ ನಾನೂ ಹೋದೆ. ಅಪ್ಪನಿಗಾಗಿ ಊರಿಗೆ ಬಂದಿದ್ದ ಚಿನ್ನಪ್ಪ ಬಾಗಿಲಿಗೆ ಅಡ್ಡ ನಿಂತ. “ನಮ್ ತಮ್ಟೆಗೆ ಬಾಗ್ಲು ಹಾಕ್ದೋರು ನೀವು. ನಮ್ ಬಾಗ್ಲಿಗ್ ಯಾಕ್ ಬಂದ್ರಿ? ಓಯ್ತಾ ಇರಿ.”

ಫಾದರ್ ಏನೂ ತಿಳಿಯದೆ ನನ್ನ ಮುಖ ನೋಡಿದರು. ಆಗ ಒಂದು ಮಾತು ಸಾಕಿತ್ತು. ಒಂದೇ ಒಂದು — ನಾನು ನೆಲ ನೋಡಿದೆ. ತೈಲದ ಡಬ್ಬಿ ಹಿಡಿದುಕೊಂಡೇ ಅವರು ಜೀಪು ಹತ್ತಿದರು. ದಾರಿಯಲ್ಲಿ “ಯಾವ ತಮಟೆ ಟೀಚರ್, ಏನಂದ ಅವನು?” ಎಂದು ಕೇಳಿದರೆ, “ಕುಡಿದಿದ್ದ ಅನ್ಸುತ್ತೆ ಫಾದರ್” ಎಂದೆ. ಚಿನ್ನಪ್ಪ ಕುಡಿಯುವವನಲ್ಲ, ಅದು ನನಗೆ ಗೊತ್ತಿತ್ತು. ಮಾರನೆಯ ದಿನ ರಾಯಪ್ಪ ತೀರಿಕೊಂಡ.

ಆಮೇಲೂ ನಾನು ತಪ್ಪದೆ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ಕೂತು ಕೇಳುತ್ತಿದ್ದವರು ಅದೇ ಫಾದರ್. ಸೊಸೆಯ ಮೇಲೆ ರೇಗಿದೆ ಎಂದೆ, ತಪಸ್ಸುಕಾಲದಲ್ಲಿ ಉಪವಾಸ ತಪ್ಪಿಸಿದೆ ಎಂದೆ. ಇದನ್ನು ಹೇಳಲಿಲ್ಲ. ಅವರು ಪಾಪಕ್ಷಮೆ ಕೊಡುತ್ತಿದ್ದರು, ನಾನು ಎದ್ದು ಬಂದು ಹಾಡುತ್ತಿದ್ದೆ.

ಹೋದ ವಾರ ಕಡಬಕ್ಕೆ ಹೋಗಿ ಚಿನ್ನಪ್ಪನ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಅವನ ತಲೆ ನೆರೆತಿದೆ. “ಫಾದ್ರುಗೆ ಗೊತ್ತೇ ಇರ್ಲಿಲ್ವಾ?” ಎಂದ. ಇಲ್ಲ ಎಂದೆ.

“ಅವತ್ತು ಅಪ್ಪ ಒಳ್ಗಿಂದ ಕೇಳ್ದ ಟೀಚರ್, ಜೀಪ್ ಸದ್ದಾಯ್ತಲ್ಲ, ಫಾದ್ರು ಬಂದ್ರೇನ್ಲಾ ಅಂತ. ಯಾರೂ ಬಂದಿಲ್ಲ ಬುಡಪ್ಪ, ಮನೀಕೋ ಅಂದೆ. ನಿಮ್ ಮಾತ್ ನಂಬ್ಕೊಂಡು, ಸಾಯೋ ಅಪ್ಪಂಗೆ ಸುಳ್ಳೇಳ್ದೆ ನಾನು.”

ಎದ್ದು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ.

ಈ ಭಾನುವಾರ ಪೂಜೆ ಮುಗಿದ ಮೇಲೆ, ನಾನು ಹಾಡುವ ಮೈಕಿನಲ್ಲೇ ಇದನ್ನು ಹೇಳಲು ಹೊಸ ಫಾದರ್ ಅವರ ಅನುಮತಿ ಕೇಳಿದ್ದೇನೆ. ಕುಣಿಗಲ್‌ನ ಬೀಗರೂ ಇರುತ್ತಾರೆ. ಚಿನ್ನಪ್ಪನನ್ನು ಬಾ ಎಂದು ಕರೆದಿಲ್ಲ, ಕರೆಯಲು ನಾನ್ಯಾರು? ರಾಯಪ್ಪ ಕೂರುತ್ತಿದ್ದ ಹಿಂದಿನ ಸಾಲು ಈಗ ಸಾಮಾನ್ಯವಾಗಿ ಖಾಲಿ ಇರುತ್ತದೆ. ಅದನ್ನು ನೋಡಿಕೊಂಡೇ ಹೇಳಬೇಕು.