ಸೋಮನಿಂಗಪ್ಪ ಓದಿ ಹೇಳಿದ ಅರ್ಜಿ

ಮಹಾರಾಷ್ಟ್ರದ ಗಡಿಯೊಳಗಿನ ಸಂಖದ ಸುತ್ತಮುತ್ತ ಸೋಮನಿಂಗಪ್ಪನ ಕೈಯಿಂದ ಅರ್ಜಿ ಬರೆಸದ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ. ಇಪ್ಪತ್ತೆರಡು ವರ್ಷ ಅವನು ಸಾಹೇಬರ ಸಂಪರ್ಕ ಕಚೇರಿಯಲ್ಲಿ ಕಾರಕೂನ. ಸಾಹೇಬರೆಂದರೆ ಆ ಭಾಗದ ಪುಢಾರಿ, ಹೆಸರು ನಮಗೆ ಬೇಡ. ಜನ ಬಂದು ಕನ್ನಡದಲ್ಲಿ ಗೋಳು ಹೇಳಿಕೊಳ್ಳುವುದು, ಇವನು ಅದನ್ನು ಮರಾಠಿಯಲ್ಲಿ ಬರೆಯುವುದು, ಮತ್ತೆ ಕನ್ನಡದಲ್ಲಿ ಓದಿ ಹೇಳಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳುವುದು. ಇದೇ ಅವನ ಕೆಲಸ.

ಆದರೆ ಅದರಲ್ಲೊಂದು ಕೈಚಳಕವಿತ್ತು. "ಆ ತಲಾಠಿ ಬಾಯಾಗ ಮಣ್ಣ ಬೀಳ್ಲಿ" ಎಂದು ಯಾರಾದರೂ ಬರೆಸಿದರೆ ಕಾಗದದ ಮೇಲೆ ಅದು "ಮಾನ್ಯ ತಲಾಠಿಯವರು ಕೃಪೆ ಮಾಡಿ ಲಕ್ಷ್ಯ ವಹಿಸಬೇಕು" ಎಂದಾಗುತ್ತಿತ್ತು. ಓದಿ ಹೇಳುವಾಗ ಮಾತ್ರ ಬಾಯಲ್ಲಿ ಮಣ್ಣು ಬೀಳುವುದನ್ನೇ ಓದುತ್ತಿದ್ದ! ಬರೆಸಿದವನಿಗೆ ಹೊಟ್ಟೆ ತಣ್ಣಗಾಗುತ್ತಿತ್ತು, ಅಧಿಕಾರಿಗೂ ಸಿಟ್ಟು ಬರುತ್ತಿರಲಿಲ್ಲ. ಹೀಗೆ ನೀರಿನ ಟ್ಯಾಂಕರ್ ಬಂತು, ರೇಶನ್ ಕಾರ್ಡ್ ಬಂತು, ಯಾರ ಕೆಲಸವೂ ಕೆಡಲಿಲ್ಲ. ಇದು ಮೋಸ ಅಂತ ಅವನಿಗೆ ಒಂದು ದಿನವೂ ಅನ್ನಿಸಿರಲಿಲ್ಲ, ಪಾಪ.

ಅದೇ ಕಚೇರಿಯಲ್ಲಿ ಕಸ ಗುಡಿಸಿ ಚಹಾ ಮಾಡುತ್ತಿದ್ದವಳು ದರಿಬಡಚಿಯ ಬೀರವ್ವ. ಸೋಮನಿಂಗಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮರುದಿನದಿಂದಲೇ ಅವನಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಚಹಾ ಇಡುತ್ತಿದ್ದಳು. ಹೇಳಿಸಿಕೊಂಡು ಮಾಡುವ ಹೆಂಗಸೇ ಅಲ್ಲ ಅವಳು. ಅವನನ್ನು ಬಾಯಿ ತುಂಬ "ಕಾಕಾ" ಎನ್ನುತ್ತಿದ್ದಳು.

ಒಂದು ಶ್ರಾವಣದ ಮಧ್ಯಾಹ್ನ ಪಿ.ಎ. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸಭೆಗೆಂದು ಜತ್ತಿಗೆ ಹೋಗಿದ್ದರು. ಸೋಮನಿಂಗಪ್ಪ ತಹಶೀಲಿ ಕಚೇರಿಯಿಂದ ತಿರುಗಿ ಬಂದಾಗ ಬೀರವ್ವ ಕಸಬರಿಗೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು.

"ಕಾಕಾ, ಒಂದ ಅರ್ಜಿ ಬರೀರಿ. ನಾ ಹೇಳಿದಂಗ ಬರೀರಿ" ಎಂದಳು. "ಒಳಗಿನ ಖೋಲ್ಯಾಗ ಮಹಾಂತ ಬಾಗಲಾ ಹಾಕ್ದ. ಕೈ ಹಿಡದ ಜಗ್ಗಿದ. ಅವನ ಮುಂಗೈ ಕಚ್ಚಿ ಹೊರಗ ಬಂದೀನಿ. ಇಷ್ಟೂ ಬರೀರಿ."

ಮಹಾಂತ ಎಂದರೆ ಸಾಹೇಬರ ಪಿ.ಎ., ಮೇಲಾಗಿ ಸಾಹೇಬರ ಹೆಂಡತಿಯ ಕಡೆಯವನು. ಸೋಮನಿಂಗಪ್ಪನ ಪೆನ್ನು ನಿಂತಿತು. ಮಾನವಂತರ ಮನೆಯ ಹೆಣ್ಣು, ಇಂಥ ಮಾತು ಕಾಗದಕ್ಕೆ ಬಿದ್ದರೆ ಹತ್ತು ಜನ ಓದಿ ಬಾಯಿ ಚಪ್ಪರಿಸುತ್ತಾರೆ ಎಂದುಕೊಂಡ. ತನ್ನ ನೌಕರಿಯ ಹೆದರಿಕೆಯೂ ಇತ್ತು, ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಕೊನೆಗೆ ಮರಾಠಿಯಲ್ಲಿ ಬರೆದದ್ದು ಇಷ್ಟು: ಮಹಾಂತ ಅವರು ನನ್ನೊಂದಿಗೆ ಏರುದನಿಯಲ್ಲಿ ಮಾತನಾಡಿದರು, ಅವರಿಗೆ ತಿಳಿವಳಿಕೆ ನೀಡಬೇಕು. ಆಮೇಲೆ ರೂಢಿಯಂತೆ ಓದಿ ಹೇಳಿದ. ಬಾಗಿಲು, ಕೈ, ಕಚ್ಚಿದ್ದು, ಎಲ್ಲವನ್ನೂ ಅವಳ ಮಾತಿನಲ್ಲೇ.

ಬೀರವ್ವ ತಲೆ ತಗ್ಗಿಸಿ ಕೇಳಿದಳು. "ಹೂಂ. ಒಂದೂ ಬಿಟ್ಟಿಲ್ಲ ನೀವು" ಎಂದು ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಸೆರಗಿಗೆ ಒರೆಸಿಕೊಂಡಳು.

ಸಾಹೇಬರು ಮಹಾಂತನನ್ನು ಒಮ್ಮೆ ಬೈದರೆ ಮುಗಿಯಿತು ಎಂದು ಅವನ ಲೆಕ್ಕ. ಆದರೆ ಚುನಾವಣೆ ಹತ್ತಿರವಿತ್ತು. ಅರ್ಜಿಯ ಸುದ್ದಿ ಹೊರಗೆ ಹೋದೀತೆಂದು ಹೆದರಿ ಸಾಹೇಬರೇ ವಿಚಾರಣೆ ಇಡಿಸಿದರು. ಸಾಂಗಲಿಯಿಂದ ಪಕ್ಷದ ಒಬ್ಬ ಮುಖಂಡೆಯೂ ಒಬ್ಬ ವಕೀಲರೂ ಬಂದು ಕುಳಿತರು. ಕಬ್ಬು ಕಡಿಯಲು ಹೋದಾಗ ಕಲಿತ ಮರಾಠಿಯಲ್ಲಿ ಬೀರವ್ವ ಎಲ್ಲವನ್ನೂ ಬಿಡಿಸಿ ಹೇಳಿದಳು. ವಕೀಲರು ಕಾಗದ ನೋಡಿದರು, ಅವಳ ಮುಖ ನೋಡಿದರು. ಇದರಲ್ಲಿ ಬರೀ ಏರುದನಿ ಎಂದಿದೆಯಲ್ಲ, ಈ ಹೊಸ ಕತೆ ಯಾರು ಕಲಿಸಿದರು ಎಂದು ಕೇಳಿದರು.

ಬೀರವ್ವನಿಗೆ ನಗುವೇ ಬಂತು. "ಕಾಕಾರನ್ನ ಕೇಳ್ರಿ" ಎಂದಳು. "ಬರದವರ ಅವರು. ನನಗ ಓದಿ ಹೇಳ್ಯಾರ."

ಎಲ್ಲರೂ ಸೋಮನಿಂಗಪ್ಪನ ಕಡೆ ತಿರುಗಿದರು. ಮಹಾಂತ ಆ ಸೆಕೆಯಲ್ಲೂ ತೋಳಿನ ಗುಂಡಿ ಹಾಕಿಕೊಂಡು, ಮುಂಗೈ ಮುಚ್ಚಿಕೊಂಡು ಕುಳಿತಿದ್ದ. ಹೌದು, ಅವಳು ಹೇಳಿದ್ದೇ ನಿಜ ಎಂದರೆ ಇಪ್ಪತ್ತೆರಡು ವರ್ಷ ಬರೆದ ಒಂದೊಂದು ಕಾಗದದ ಮೇಲೂ ಸಂಶಯ ಬರುತ್ತದೆ.

"ಆಕಿ ಏನ್ ಹೇಳ್ಯಾಳ, ಅದನ್ನ ಬರದೀನ್ರಿ" ಎಂದ ಸೋಮನಿಂಗಪ್ಪ.

ಥೂ, ಏನು ಬಾಯಿ ಅದು! ಒಂದು ಹೆಣ್ಣಿನ ಬದುಕು ಆ ಒಂದು ವಾಕ್ಯದಲ್ಲಿ ಮುಗಿದುಹೋಯಿತು. ಬೀರವ್ವ ಅವನನ್ನೇ ನೋಡುತ್ತ ನಿಂತಳು.

ಸಂಜೆಗೆ ಎರಡು ಆದೇಶ ಹೊರಟವು. ಏರುದನಿಯಲ್ಲಿ ಮಾತನಾಡಿದ ಮಹಾಂತನಿಗೆ ಹದಿನೈದು ದಿನ ಅಮಾನತು. ಸುಳ್ಳು ಆರೋಪ ಹೊರಿಸಿದ ಬೀರವ್ವ ಕೆಲಸದಿಂದ ವಜಾ. ಎರಡನ್ನೂ ದುಂಡಗೆ ಬರೆದವನು ಸೋಮನಿಂಗಪ್ಪನೇ, ಮತ್ತಾರು? ಮಹಾಂತ ಹದಿನೈದು ದಿನ ಬಿಳೂರಿನ ಮಾವನ ಮನೆಯಲ್ಲಿ ಹಾಯಾಗಿ ಉಂಡು ಬಂದು ಅದೇ ಖುರ್ಚಿಯಲ್ಲಿ ಕುಳಿತ. ಚಹಾ ಹೋಟೆಲಿನಿಂದ ಬರತೊಡಗಿತು. ಸೋಮನಿಂಗಪ್ಪನ ಕಪ್ಪು ಹಾಗೇ ಆರಿ ಕೆನೆಗಟ್ಟುತ್ತಿತ್ತು.

ದೀಪಾವಳಿ ಕಳೆದ ಮೇಲೆ ದರಿಬಡಚಿಯ ಹಿಟ್ಟಿನ ಗಿರಣಿಯ ಫಿರೋಜ ಕಚೇರಿಗೆ ಬಂದಾಗ ಒಂದು ಮಾತು ಹೇಳಿ ಹೋದ. ಬೀರವ್ವನ ಗಂಡ ಅಮೋಗಸಿದ್ದ ವಜಾ ಪತ್ರದ ಜೊತೆಗಿದ್ದ ಅರ್ಜಿಯ ಝೆರಾಕ್ಸನ್ನು ಈ ಫಿರೋಜನಿಂದಲೇ ಓದಿಸಿದ್ದನಂತೆ. "ಕೈ ಹಿಡದದ್ದ ಖರೇ ಇದ್ರ ಇದರಾಗ ಯಾಕಿಲ್ಲ? ಏನ್ ಮುಚ್ಚಿಡಾಕತ್ತಿ?" ಎಂದು ಹೆಂಡತಿಯನ್ನು ಕೇಳಿದನಂತೆ. ಪ್ರತಿ ವರ್ಷ ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಹೋಗುವವರು. ಆಕೆಗೆ ಕಚೇರಿಯ ಕೆಲಸ ಸಿಕ್ಕಮೇಲೆ ಅವನೊಬ್ಬನೇ ಹೋಗಿ ವಾರಕ್ಕೊಮ್ಮೆ ತಪ್ಪದೆ ಫೋನ್ ಮಾಡುತ್ತಿದ್ದ. ಈ ಸಲ ಹೋಗುವಾಗ ಹೇಳಿಯೂ ಹೋಗಲಿಲ್ಲವಂತೆ, ಇನ್ನು ಆ ಮನೆಗೆ ಬರುವುದಿಲ್ಲ ಎಂದು ತಮ್ಮನ ಮುಂದೆ ಆಡಿದ್ದಾನಂತೆ.

ಅದನ್ನು ಕೇಳಿದ ಮೂರನೆಯ ದಿನ ಸೋಮನಿಂಗಪ್ಪ ಕನ್ನಡದಲ್ಲಿ, ಬೀರವ್ವನ ಮಾತಿನಲ್ಲೇ, ನಡೆದದ್ದನ್ನೆಲ್ಲ ಬರೆದ. ತಾನು ಏನನ್ನು ಬರೆದೆ, ಏನನ್ನು ಓದಿದೆ ಎಂಬುದನ್ನೂ ಬರೆದ. ಕೆಳಗೆ ಸಹಿ ಹಾಕಿ ಸಾಹೇಬರ ಮೇಜಿನ ಮೇಲಿಟ್ಟ. ಸಾಹೇಬರು ಓದಿ, ಮಡಚಿ ಕಿಸೆಗೆ ಹಾಕಿಕೊಂಡರು. "ನಿನಗ ವಯಸ್ಸಾತು ಸೋಮನಿಂಗಪ್ಪಾ. ನಾಳಿಂದ ಮನ್ಯಾಗಿರು" ಎಂದರು. ಅವನ ವಜಾಕ್ಕೆ ಕಾಗದ ಹೊರಡಲಿಲ್ಲ. ಬರೆಯುವವನೇ ಅವನಲ್ಲವೇ?

ಮರುದಿನ ಬೆಳಿಗ್ಗೆ ಇನ್ನೊಂದು ಪ್ರತಿ ಹಿಡಿದು ದರಿಬಡಚಿಗೆ ಹೋದ. ಬೀರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಬರ್ರಿ ಕಾಕಾ, ಕುಂದ್ರಿ" ಎಂದಳು. ಒಳಗೆ ಹೋಗಿ ಚಹಾ ತಂದಿಟ್ಟಳು. ಸಪ್ಪೆ ಚಹಾ. ಅವನಿಗೆ ಅಳು ತಡೆಯಲಾಗಲಿಲ್ಲ. "ತಂಗೀ, ನನ್ನ ಕೈಯಾರೆ ನಿನ್ನ ಕೊರಳ ಕೊಯ್ದೆ" ಎಂದು ಕಾಗದ ಬಿಚ್ಚಿ ಓದತೊಡಗಿದ.

ಎರಡು ಸಾಲಿಗೇ ಅವಳು ತಡೆದಳು. "ನನಗ ಯಾಕ ಓದ್ತೀರಿ? ಏನಾತಂತ ನನಗ ಗೊತ್ತದ. ಅವರಿಗಿ ಓದ್ರಿ." ಗಂಡನಿಗೆ ಫೋನ್ ಹಚ್ಚಿ ಇವನ ಕೈಗೆ ಕೊಟ್ಟಳು. ತನ್ನ ಸದ್ದು ಕೇಳಿದರೆ ಅವನು ಇಟ್ಟುಬಿಡುತ್ತಾನೆಂದು ದೂರ ಸರಿದು ನಿಂತಳು.

ಸೋಮನಿಂಗಪ್ಪ ಮೊದಲಿನಿಂದ ಕೊನೆಯವರೆಗೆ ಓದಿದ. ಆ ಕಡೆ ಟ್ರ್ಯಾಕ್ಟರಿನ ಸದ್ದು.

"ಕಾಕಾ, ಅವತ್ತೂ ನೀವ ಓದಿದ್ರಿ, ಇವತ್ತೂ ನೀವ ಓದಾಕತ್ತೀರಿ" ಎಂದ ಅಮೋಗಸಿದ್ದ. "ಯಾವದ ನಂಬ್ಲಿ ನಾ? ಇದನ್ನೂ ಆಕೀನ ನಿಮ್ಮನ್ನ ಕುಂದ್ರಿಸಿ ಬರಸ್ಯಾಳ. ನಾ ಬರೂದಿಲ್ಲ, ದಾರಿ ನೋಡಬ್ಯಾಡ ಅಂತ ಹೇಳ್ರಿ ಆಕಿಗಿ." ಫೋನ್ ಇಟ್ಟ.

"ಏನಂದ್ರು ಕಾಕಾ?"

ಅವಳ ಕಣ್ಣು ಅವನ ಬಾಯಿಯ ಮೇಲೇ ಇತ್ತು. ಕೆಲಸದ ಗಡಿಬಿಡಿಯಲ್ಲಿದ್ದಾನೆ, ಹಂಗಾಮು ಮುಗಿಸಿ ಬರುತ್ತಾನಂತೆ, ಸಿಟ್ಟು ಇಳಿದಿದೆ... ಇಂಥ ಮಾತು ಅವನ ನಾಲಿಗೆಯ ತುದಿಗೆ ತಾವೇ ಬಂದು ನಿಂತಿದ್ದವು. ಒಂದನ್ನು ಆಡಿದ್ದರೂ ಅವಳು ಆ ಹೊತ್ತಿಗಾದರೂ ನಿರಾಳವಾಗಿ ಉಸಿರು ಬಿಡುತ್ತಿದ್ದಳು. ಅವನು ಆಡಲಿಲ್ಲ. ಅಮೋಗಸಿದ್ದ ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಹೇಳಿದ.

ಬೀರವ್ವ ಅಂದಿನಂತೆಯೇ ತಲೆ ತಗ್ಗಿಸಿ ಕೇಳಿದಳು.

"ಹೂಂ" ಎಂದಳು. "ಇವತ್ತ ಒಂದೂ ಬಿಟ್ಟಿಲ್ಲ ನೀವು."

ಆರಿದ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು.