ಕೆಂಚಕ್ಕನ ಅಂಜಿಕೆ

ನಮ್ಮ ಮನೆತನದಲ್ಲಿ ಅಂಜುಬುರುಕಿ ಅಂತ ಇದ್ದರೆ ಅದು ಕೆಂಚಕ್ಕ ಒಬ್ಬಳೇ. ನನ್ನ ಗಂಡನ ಅಣ್ಣ ಹುಲುಗಪ್ಪನ ಹೆಂಡತಿ, ನನಗೆ ನೆಗೆಣ್ಣಿ. ಗುಡುಗಿದರೆ ಮೂಲೆ ಸೇರುತ್ತಾಳೆ, ಬಸ್ಸು ಹಾರ್ನ್ ಹೊಡೆದರೆ ಎದೆ ಹಿಡಿದುಕೊಳ್ಳುತ್ತಾಳೆ, ಕುಕ್ಕರ್ ಸೀಟಿ ಹಾಕುವ ಹೊತ್ತಿಗೆ ಅಡುಗೆಮನೆಯಲ್ಲೇ ಇರುವುದಿಲ್ಲ. ನಾನು ಹಾಗಲ್ಲ. ನನಗೆ ಸಿಟ್ಟು ಬರುತ್ತದೆ, ಅಂಜಿಕೆ ಬರುವುದಿಲ್ಲ. ಇಬ್ಬರೂ ಒಂದೇ ಅಂಗಳದಲ್ಲಿ ಇಷ್ಟು ವರ್ಷ ಹೇಗೆ ಬಾಳಿದೆವೋ ಆ ಹುಲಿಗೆಮ್ಮನೇ ಬಲ್ಲಳು.

ನಮ್ಮೂರು ಹಗರಿಬೊಮ್ಮನಹಳ್ಳಿ ಕಡೆಯದು. ಊರ ಮಗ್ಗುಲಿಗೇ ಕೆರೆ, ಕೆರೆಯೊಳಗೆ ಕರಿಜಾಲಿ ಮರಗಳು, ಮರದ ತುಂಬ ಬಣ್ಣದ ಕೊಕ್ಕರೆಗಳ ಗೂಡು. ಕೆಂಚಕ್ಕ ಬೆಳಿಗ್ಗೆ ಆಡು ಹೊಡೆದುಕೊಂಡು ಕೆರೆಯ ಏರಿಗೆ ಹೋದರೆ ಹರಿದ ಮೀನಿನ ಬಲೆ, ಪ್ಲಾಸ್ಟಿಕ್ ದಾರ ಆಯುತ್ತ ಬರುತ್ತಾಳೆ. ಆ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಹಕ್ಕಿ ಕೊಂಬೆಗೆ ನೇತಾಡಿಯೇ ಸಾಯುತ್ತದೆ. ಕಣ್ಣೆದುರಿಗೆ ಯಾರಾದರೂ ಕವರ್ ಎಸೆದರೆ ನಾನಾಗಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ. ಇವಳು ಬಯ್ಯುವುದಿಲ್ಲ. ಎಸೆದವರ ಮುಂದೆ ಹೋಗಿ ನಡುಗುತ್ತ ನಿಲ್ಲುತ್ತಾಳೆ, ಅಷ್ಟೇ. ನೋಡಲಾಗದೆ ಅವರೇ ಎತ್ತಿಕೊಳ್ಳುತ್ತಾರೆ.

ಹಿಂದೊಮ್ಮೆ ಯಾವುದೋ ಕ್ರಿಕೆಟ್ ಗೆದ್ದ ಖುಷಿಗೆ ಹುಡುಗರು ಏರಿಯ ಮೇಲೆ ಸರಪಟಾಕಿ ಹಚ್ಚಿದ್ದರು. ಕೊಕ್ಕರೆಗಳೆಲ್ಲ ಗಾಬರಿ ಬಿದ್ದು ಒಮ್ಮೆಲೇ ಮೇಲೆದ್ದವು. ಆ ರಭಸಕ್ಕೆ ಮರಿಗಳು ಗೂಡಿನಿಂದ ಉದುರಿ ನೀರಿಗೂ ಮುಳ್ಳಿಗೂ ಬಿದ್ದವು, ಉಳಿದವನ್ನು ಹದ್ದು ಕಾಗೆ ಎತ್ತಿಕೊಂಡು ಹೋದವು. ಕೆಂಚಕ್ಕ ಸೆರಗಿನಲ್ಲಿ ಆಯ್ದು ತಂದ ಮರಿಗಳಲ್ಲಿ ಒಂದೂ ಬದುಕಲಿಲ್ಲ. ಆಮೇಲೆ ಊರವರೇ ಸೇರಿ ಕಟ್ಟು ಮಾಡಿದರು: ದೀಪಾವಳಿಗೂ ಇಲ್ಲ, ಮದುವೆಗೂ ಇಲ್ಲ, ನಮ್ಮೂರಲ್ಲಿ ಪಟಾಕಿ ಬಂದ್. ಬೀಗರನ್ನು ಎದುರುಗೊಳ್ಳುವ ಜಾಗವನ್ನೂ ಏರಿಯಿಂದ ಊರಿನ ಆಚೆ ಕಡೆಯ ಹುಲಿಗೆಮ್ಮನ ಕಟ್ಟೆಗೆ ಬದಲಾಯಿಸಿದರು.

ಹೀಗಿರುವಾಗ ಕೆಂಚಕ್ಕನ ಮಗಳು ನಾಗರತ್ನಳಿಗೆ ಕೊಟ್ಟೂರು ಕಡೆಯ ಮೈಲಾರೇಶ ಗೊತ್ತಾದ. ಅದಕ್ಕೂ ಮೊದಲು ಬಂದ ಸಂಬಂಧಗಳು ಬಾಗಿಲ ತನಕ ಬಂದು ಮುರಿದಿದ್ದವು, ಹುಡುಗಿ ಸೊರಗಿ ಹೋಗಿದ್ದಳು. ಹುಡುಗ ಒಳ್ಳೆಯವನು, ಆದರೆ ಅವರ ಮನೆಯಲ್ಲಿ ಮಾತೆಲ್ಲ ಅವನ ದೊಡ್ಡಪ್ಪ ಭೀಮರಾಜನದು. ಪಟಾಕಿ ಬೇಡ ಎಂದು ಹುಲುಗಪ್ಪ ಕೈಮುಗಿದು ಕೇಳಿದಾಗ ಆತ ಮೀಸೆ ತಿರುವಿದ್ದ.

"ಸತ್ತ ಮನಿಗಿ ಬಂದಂಗ ಸುಮ್ನ ಬರಬೇಕೇನ್ರಿ ನಾವು?"

ಕಡೆಗೆ ಹೂಂ ಎಂದನಾದರೂ ಕೆಂಚಕ್ಕನಿಗೆ ಅವತ್ತಿನಿಂದ ನಿದ್ದೆ ಹತ್ತಲಿಲ್ಲ. ಹುಲುಗಪ್ಪ ಹೆಂಡತಿಗೆ ಒಂದೇ ಮಾತು ಹೇಳಿದ್ದ: "ಏನ ಆದ್ರೂ ನೀ ಬಾಯಿ ತೆಗೀಬ್ಯಾಡ. ಈ ಸಂಬಂಧಾನೂ ಮುರಿದ್ರ ಮಗಳು ಉಳಿಯಂಗಿಲ್ಲ."

ಮದುವೆಯ ದಿನ ಬೆಳಿಗ್ಗೆ ಗಂಡಸರೆಲ್ಲ ಬಾರಿಸುವ ಹಲಗೆ, ಪಾನಕದ ಕೊಡ ಹಿಡಿದು ಹುಲಿಗೆಮ್ಮನ ಕಟ್ಟೆಗೆ ಹೋದರು. ಕೆಂಚಕ್ಕ ಮಾತ್ರ ಒಳಗೆ ಹೊರಗೆ ಓಡಾಡುತ್ತಿದ್ದಳು.

"ಏರಿ ಕಡೆ ಬಂದ್ರ ಏನ ಮಾಡೂದು?"

"ಯಾಕ ಬರ್ತಾರಕ್ಕ? ಕಟ್ಟಿಗಿ ಬರ್ರಿ ಅಂತ ಹೇಳಿಲ್ಲೇನು?" ಎಂದು ನಾನು ರೇಗಿದೆ. ರೇಗುತ್ತಲೇ ತಂಬಿಗೆ ನೀರು ಹಿಡಿದು ಅವಳ ಹಿಂದೆ ಹೊರಟೆ, ಇಲ್ಲದಿದ್ದರೆ ಅವಳು ಸುಮ್ಮನಾಗುವವಳಲ್ಲ.

ಅವಳ ಅಂಜಿಕೆಯೇ ನಿಜವಾಯಿತು. ಡ್ರೈವರ್ ಮೊಬೈಲ್ ತೋರಿಸಿದ ದಾರಿ ಹಿಡಿದು ಗಂಡಿನವರ ಬಸ್ಸನ್ನು ಏರಿಗೇ ತಂದಿದ್ದ. ಹೆಣ್ಣಿನವರು ಬಂದು ಕಾಲಿಗೆ ನೀರು ಕೊಡದೆ ಗಂಡಿನವರು ಊರೊಳಗೆ ಕಾಲಿಡುವಂತಿಲ್ಲ. ಎದುರುಗೊಳ್ಳಲು ಒಂದು ನರಪಿಳ್ಳೆಯೂ ಇಲ್ಲದ್ದನ್ನು ಕಂಡು ಭೀಮರಾಜನ ಪಿತ್ತ ನೆತ್ತಿಗೇರಿತ್ತು. ಬಂದಿದ್ದೇವೆಂದು ಊರಿಗೆಲ್ಲ ಗೊತ್ತಾಗಲಿ ಎಂದು ಉದ್ದನೆಯ ಸರಪಟಾಕಿಯನ್ನು ರಸ್ತೆಗೆ ಹಾಸಿ ಕಡ್ಡಿ ಗೀರುತ್ತಿದ್ದ. ಮೇಲೆ ಗೂಡುಗಳಲ್ಲಿ ಮರಿಗಳು ಕತ್ತು ಚಾಚಿ ಕೂತಿದ್ದವು.

ನಾನು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೆಂಚಕ್ಕ ಓಡಿದಳು. ತವರಿನಿಂದ ಬಂದ ಹೊಸ ಸೀರೆಯಲ್ಲೇ ಹೋಗಿ ಸರಪಟಾಕಿಯ ಮೇಲೆ ಕೂತುಬಿಟ್ಟಳು.

ನನ್ನ ಕೈಯ ತಂಬಿಗೆ ಜಾರಿ ಬಿತ್ತು. ಭೀಮರಾಜನ ಕೈಯಲ್ಲಿ ಕಡ್ಡಿ ಉರಿಯುತ್ತಲೇ ಇತ್ತು.

"ಏಳ್ರಿ ಬೀಗ್ತಿ! ತಲಿಗಿಲಿ ಕೆಟ್ಟೈತೇನು?"

ಕೆಂಚಕ್ಕನ ಹಲ್ಲು ಕಟಕಟ ಎನ್ನುತ್ತಿತ್ತು. "ಅಂಜಿಕಿ ಆಗತೈತ್ರಿ ಅಣ್ಣಾ."

"ಅಂಜಿಕಿ ಆದ್ರ ದೂರ ಹೋಗ್ರಿ!"

"ನನಗ ಕಾಲದಾವ್ರಿ, ಹೋಗ್ತೀನಿ. ಆ ಮರಿಗಳಿಗೆ ಇನ್ನಾ ರೆಕ್ಕಿ ಬಂದಿಲ್ರಿ."

ಕಡ್ಡಿ ಬೆರಳು ಸುಟ್ಟಿತು. ಭೀಮರಾಜ ಅದನ್ನು ಕೆರೆಗೆ ಎಸೆದು ಬಸ್ಸು ತಿರುಗಿಸು ಎಂದು ಗುಡುಗಿದ. ಅಲ್ಲಿ ಮನೆಯಲ್ಲಿ ನಾಗರತ್ನ ಅರಿಶಿನ ಮೈಯಲ್ಲಿ ಕೂತಿದ್ದಾಳೆ. ಮೈಲಾರೇಶ ಕಿಟಕಿಯಿಂದ ಇಣುಕಿ ಅತ್ತೆಯನ್ನೇ ನೋಡುತ್ತಿದ್ದ. ಡ್ರೈವರ್ ಏರಿಯ ಎರಡೂ ಕಡೆ ನೋಡಿ ತಲೆ ಕೆರೆದುಕೊಂಡ.

"ಇಲ್ಲಿ ಬಸ್ ತಿರುಗಂಗಿಲ್ರಿ ಯಜಮಾನ್ರ. ಊರಾಗ ಹೋಗೇ ತಿರುಗಿಸಬೇಕು."

ಊರೊಳಗೆ ಹೋದ ಬಸ್ಸು ಆಮೇಲೆ ತಿರುಗಲಿಲ್ಲ. ಹುಲುಗಪ್ಪ ಬೇಡಿಕೊಂಡ, ಕಾಲಿಗೆ ಬೀಳುವುದೊಂದು ಬಾಕಿ. ಭೀಮರಾಜ ಪಾನಕ ಕುಡಿದ, ನಾಗರತ್ನಳ ಕೊರಳಿಗೆ ತಾಳಿಯೂ ಬಿತ್ತು. ಆದರೆ ಸರಪಟಾಕಿಯನ್ನು ಮಾತ್ರ ಸುತ್ತಿ ಕಂಕುಳಲ್ಲೇ ಇಟ್ಟುಕೊಂಡಿದ್ದ. ಹೆಣ್ಣನ್ನು ಕಳಿಸಿಕೊಡುವಾಗ ನಮಗೆಲ್ಲ ಕೇಳುವಂತೆ ಹೇಳಿದ: "ನಮ್ಮ ಮನಿ ಬಾಗಲಾಗ ಹಚ್ತೀನಿ. ಅಲ್ಲಿ ಯಾರು ಕುಂದರ್ತಾರ ನೋಡೂಣು."

ಹುಲುಗಪ್ಪ ಆಮೇಲೆ ಹೆಂಡತಿಯ ಜೊತೆ ಮಾತಾಡಲಿಲ್ಲ. ಕೆಂಚಕ್ಕ ಅನ್ನ ಮುಟ್ಟಲಿಲ್ಲ. ಮಗಳಿಗೆ ಏನನ್ನುತ್ತಾರೋ, ತನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಳ್ಳುತ್ತಾರೋ ಎಂದು ಫೋನು ಮಡಿಲಲ್ಲಿಟ್ಟುಕೊಂಡು ಕೂತಳು. ದೀಪ ಹಚ್ಚುವ ಹೊತ್ತಿಗೆ ಅದು ರಿಂಗಾಯಿತು. ಅವಳು ಅದನ್ನು ನನ್ನತ್ತ ಚಾಚಿದಳು, ನಾನೇ ಸ್ಪೀಕರ್ ಒತ್ತಿದೆ.

"ಅವ್ವಾ, ಇವರ ಫೋನಿಂದ ಮಾಡೀನಿ," ಎಂದಳು ನಾಗರತ್ನ. "ಇಲ್ಲಿ ಬಾಗಲ ಮುಂದ ಹುಣಸಿ ಮರ ಐತಿ. ಬೆಳ್ಳಕ್ಕಿ ಗೂಡು ಕಟ್ಯಾವ, ಮರಿ ಚಿಂವ್ ಚಿಂವ್ ಅನ್ನಾಕತ್ಯಾವ. ದೊಡ್ಡಮಾವ ಸರ ಹಾಸಿದ್ರು."

"ಹಚ್ಚಿದ್ರೇನ?"

"ಇಲ್ಲವ್ವಾ. ನಾ ಕುಂತೀನಿ ಅದರ ಮ್ಯಾಲ. ಇನ್ನಾ ಕುಂತೀನಿ. ಎಲ್ಲಾರೂ ಸುತ್ತ ನಿಂತು ನೋಡಾಕತ್ಯಾರ. ನನಗ ಭಾಳ ಅಂಜಿಕಿ ಆಗತೈತಿ."

ಜನ್ಮದಲ್ಲಿ ಅಂಜದ ನನಗೆ ಕೈಕಾಲು ತಣ್ಣಗಾದವು. ಎದ್ದು ಕೈಮುಗಿ, ತಪ್ಪಾಯಿತು ಅನ್ನು ಎಂದು ಹೇಳಲು ನಾನು ಫೋನಿಗೆ ಬಾಗಿದೆ. ಕೆಂಚಕ್ಕ ನನ್ನ ಕೈ ಸರಿಸಿದಳು. ಅಳುತ್ತಿದ್ದಳು, ಎಂದಿನಂತೆ ಮೈಯೆಲ್ಲ ನಡುಗುತ್ತಿತ್ತು.

"ಏಳಬ್ಯಾಡ ಮಗಳ," ಎಂದಳು.