ಹೊನ್ನೂರಮ್ಮನ ಲಾರಿ ಟ್ಯೂಬು

ಹೊನ್ನೂರಮ್ಮ ಆಸೆಪಟ್ಟು ನೀರಿಗೆ ಇಳಿದವಳಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಪಡುವಣ ದಡದ ಆ ಊರಿನಲ್ಲಿ ಗಂಡಸರು ಮೀನು ಹಿಡಿಯುವುದು, ಹೆಂಗಸರು ಬುಟ್ಟಿ ಹೊತ್ತು ಮಾರುವುದು ಮೊದಲಿನಿಂದ ನಡೆದುಬಂದಿತ್ತು. ಎಪ್ಪತ್ತಾರರ ಬೇಸಿಗೆಯಲ್ಲಿ ಅವಳ ಗಂಡ ಚಿತ್ತಪ್ಪ ಹುಣಸೆಮರದಿಂದ ಬಿದ್ದು ಬಲಭುಜ ಮುರಿದುಕೊಂಡ. ಕಟ್ಟು ಬಿಚ್ಚಿದ ಮೇಲೂ ಆ ಕೈ ಎದೆಮಟ್ಟ ದಾಟಿ ಮೇಲೇಳಲಿಲ್ಲ. ಬಲೆ ಎಳೆಯಲಾರದ ಗಂಡ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಒಂದಷ್ಟು ದಿನ ಕಂಡವರ ಗದ್ದೆಯಲ್ಲಿ ಕಳೆ ಕಿತ್ತು ನೋಡಿದಳು. ಆಮೇಲೆ ಒಂದು ಮುಂಜಾನೆ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಗಂಡನ ಟ್ಯೂಬನ್ನು ತಲೆಯ ಮೇಲೆ ಹೊತ್ತು ಕೆರೆಗೆ ನಡೆದಳು.

ಅದು ಲಾರಿಯ ಹಳೆಯ ಟ್ಯೂಬು. ಆ ಮನೆಗೆ ದೋಣಿಯೆಂದರೂ ಅದೇ. ಗಾಳಿ ತುಂಬಿ, ನಡುವಿನ ತೂತಿಗೆ ನೈಲಾನ್ ಹಗ್ಗ ಹೆಣೆದು, ಗೋಣಿತಟ್ಟು ಹಾಸಿ ಕೂರಬೇಕು. ಎರಡು ಕೈಗೂ ಒಂದೊಂದು ಹಲಗೆ ತುಂಡು ಹಿಡಿದು ನೀರನ್ನು ಹಿಂದಕ್ಕೆ ತಳ್ಳಬೇಕು. ಸೊಂಟದಿಂದ ಕೆಳಗೆ ಸದಾ ಒದ್ದೆ. ಹೊನ್ನಾಳಿಯ ತವರಿನಲ್ಲಿ ತುಂಗಭದ್ರೆಯಲ್ಲಿ ಬಿದ್ದು ಬೆಳೆದವಳಾದ್ದರಿಂದ ಅವಳಿಗೆ ಈಜು ಬರುತ್ತಿತ್ತು. ಆದರೆ ಹೊಳೆ ಒಂದೇ ದಿಕ್ಕಿಗೆ ಎಳೆಯುತ್ತದೆ. ಈ ಕೆರೆ ಗಾಳಿ ಬೀಸಿದತ್ತ ಎಳೆಯುತ್ತಿತ್ತು.

ಚಿತ್ತಪ್ಪ ದಡದಲ್ಲಿ ಕುಳಿತು ಹೇಳಿಕೊಟ್ಟ. "ಬಲೆ ಹಗ್ಗ ಸೊಂಟಕ್ಕೆ ಕಟ್ಗೋಬ್ಯಾಡ. ಟ್ಯೂಬಿಗೆ ಕಟ್ಟು, ಅದೂ ಎಳೆದ್ರೆ ಬಿಚ್ಚೋ ಗಂಟು. ದಿನಾ ನೀರಾಗೆ ಅದ್ದಿ ನೋಡು, ಗುಳ್ಳೆ ಬಂತಾ, ಇಳೀಬ್ಯಾಡ. ಚಾಕು ಮಡಿಲಾಗೇ ಇರ್ಲಿ."

ಮೂರು ವರ್ಷ ಹಾಗೆಯೇ ಮಾಡಿದಳು. ಊರಿನವರು ಮೊದಮೊದಲು ನಕ್ಕರು, ಆಮೇಲೆ ನಗುವುದಕ್ಕೂ ಬೇಸರವಾಗಿ ಬಿಟ್ಟರು. ಕೆರೆಯಿಂದ ಬಂದವಳು ಮೀನು ಮಾರಿ, ಒಲೆ ಹಚ್ಚಿ, ಉಂಡು ಬಿದ್ದರೆ ಮಗ್ಗುಲು ಬದಲಿಸಲೂ ತೋಳು ಏಳುತ್ತಿರಲಿಲ್ಲ.

ಎಪ್ಪತ್ತೊಂಬತ್ತರ ಆಷಾಢದಲ್ಲಿ ಗಾಳಿಗೆ ಹೆದರಿ ವಾರದಿಂದ ಯಾರೂ ಕೆರೆಗೆ ಇಳಿದಿರಲಿಲ್ಲ. ಅಂದು ಬೆಳಿಗ್ಗೆ ನೀರು ಸುಮ್ಮನಿತ್ತು.

"ಮೋಡ ಓಡ್ತಾ ಐತೆ ನೋಡು," ಎಂದ ಚಿತ್ತಪ್ಪ. "ಮ್ಯಾಲೆ ಗಾಳಿ ಐತೆ. ಇವತ್ತು ಬ್ಯಾಡ."

"ಮತ್ತೆ ಒಲೆ ಮ್ಯಾಲೆ ಏನಿಡ್ಲಿ? ಮೋಡನಾ?"

ಅವಳು ಟ್ಯೂಬು ಹೊತ್ತು ಹೋದಳು.

ಬಲೆ ಬಿಟ್ಟು ಕಾದು, ಎಳೆಯಲು ಶುರುಮಾಡಿದಾಗ ಬಿಸಿಲೇರಿತ್ತು. ಅರ್ಧ ಎಳೆಯುವಷ್ಟರಲ್ಲಿ ಪಡುವಣದಿಂದ ಗಾಳಿ ನುಗ್ಗಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆರೆ ಸಮುದ್ರದಂತೆ ಎದ್ದು ನಿಂತಿತು. ಅವಸರದಲ್ಲಿ ಎಳೆದ ಬಲೆಯೊಳಗಿನ ಜಿಲೇಬಿ ಮೀನೊಂದು ತೊಡೆಯ ಪಕ್ಕ ಒದ್ದಾಡಿ, ಅದರ ಬೆನ್ನಿನ ಮುಳ್ಳು ಟ್ಯೂಬಿನ ಹಳೆಯ ತೇಪೆಯ ಅಂಚಿಗೆ ಹೊಕ್ಕಿತು. ಸುಯ್ಯೆಂದು ಸದ್ದಾಯಿತು.

ಹೊನ್ನೂರಮ್ಮ ಹೆಬ್ಬೆರಳಿಟ್ಟು ಒತ್ತಿದಳು. ಒಂದೇ ಕೈಯಲ್ಲಿ ಹಲಗೆ ಹಾಕಿದರೆ ಟ್ಯೂಬು ಬುಗುರಿಯಂತೆ ತಿರುಗುತ್ತದೆ. ನೀರಿನಲ್ಲಿ ಉಳಿದ ಅರ್ಧ ಬಲೆ ಕೆಳಗೆ ಯಾವುದಕ್ಕೋ ಸಿಕ್ಕಿ ಅವಳನ್ನು ನಡುಗೆರೆಯಲ್ಲೇ ಹಿಡಿದು ನಿಲ್ಲಿಸಿತ್ತು. ಅಲೆಗಳು ಎದೆಯ ಮೇಲೆ ಒಡೆಯುತ್ತಿದ್ದವು. ಗಂಟು ಬಿಚ್ಚಲು ನೋಡಿದಳು, ನೆನೆದು ಬಿಗಿದಿತ್ತು. ಆ ಬಲೆಯನ್ನು ಚಿತ್ತಪ್ಪ ಎಡಗೈಯಲ್ಲಿ, ಕಾಲಬೆರಳಿಗೆ ದಾರ ಸಿಕ್ಕಿಸಿಕೊಂಡು, ಒಂದು ಮಳೆಗಾಲ ಪೂರ್ತಿ ಹೆಣೆದಿದ್ದ. ಮಡಿಲಿನಿಂದ ಚಾಕು ತೆಗೆದು ಹಗ್ಗ ಕುಯ್ದಳು. ತೊಡೆಯ ಮೇಲಿದ್ದ ಬಲೆಯನ್ನೂ ಮೀನಿನ ಸಮೇತ ನೀರಿಗೆ ತಳ್ಳಿದಳು.

ಸೆರಗು ಹರಿದು ತೂತಿನ ಮೇಲೆ ಒತ್ತಿ, ಮಿಕ್ಕ ಹಗ್ಗದಿಂದ ಸುತ್ತಿ ಬಿಗಿದಳು. ಗಾಳಿಗೆ ಎದುರಾಗಿ ಮನೆಯತ್ತ ಹೋಗುವುದು ಆಗದ ಮಾತು. ಮನೆಗೆ ಬೆನ್ನು ತಿರುಗಿಸಿ ಗಾಳಿ ಕರೆದೊಯ್ದತ್ತಲೇ ಹೊರಟಳು. ಟ್ಯೂಬು ಮೆತ್ತಗಾಗುತ್ತ ಬಂತು. ಕೂರಲಾಗದೆ ಅದರ ಮೇಲೆ ಎದೆಯಿಟ್ಟು ಮಲಗಿ ಕಾಲು ಬಡಿದಳು. ದೇವರನ್ನು ನೆನೆಯಲೂ ತ್ರಾಣವಿರಲಿಲ್ಲ. ಆಚೆ ದಡದ ಜೊಂಡಿಗೆ ತಾಗಿದಾಗ ಅದು ದಡವೆಂದು ತಿಳಿಯಲೂ ಸ್ವಲ್ಪ ಹೊತ್ತು ಬೇಕಾಯಿತು.

ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಮ್ಮ ಎಂಬ ಮುದುಕಿ ಓಡಿಬಂದಳು.

"ಯಾರವ್ವ ನೀನು? ಕೆರೆಯಾಗಿಂದ ಎದ್ದು ಬಂದೀಯಲ್ಲ!"

"ಆಚೆ ದಡದಾಕೀನಮ್ಮ. ಹೆಂಗೆ ಹೋಗ್ಲಿ ಮನೀಗೆ?"

"ಮೊದ್ಲು ಉಸಿರು ತಗೋ. ಮನಿ ಎಲ್ಲೂ ಓಡಿಹೋಗಲ್ಲ."

ಅಜ್ಜಮ್ಮ ಗುಡಿಸಲಿಗೆ ಕರೆದೊಯ್ದು ಒಣ ಸೀರೆ ಉಡಿಸಿ, ರೊಟ್ಟಿ ಕೊಟ್ಟಳು. ಹೊನ್ನೂರಮ್ಮ ಏರಿಯ ರಸ್ತೆ ಹಿಡಿದು, ಚಪ್ಪಟೆಯಾದ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಕೆರೆಯನ್ನೆಲ್ಲ ಬಳಸಿ ನಡೆದಳು. ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಚಿತ್ತಪ್ಪ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ದಡದಲ್ಲೇ ಕುಳಿತಿದ್ದ. ಅವಳನ್ನು ಕಂಡವನೇ ಎದ್ದು ನಿಂತು, "ಬಲೆ ಎಲ್ಲಿ?" ಎಂದ.

"ಹೆಂಡ್ತಿ ಬಂದಾಳೆ, ಬಲೆ ಬಂದಿಲ್ಲ," ಎಂದಳು ಹೊನ್ನೂರಮ್ಮ. "ಯಾವುದು ಬೇಕಿತ್ತು ನಿಮ್ಗೆ?"

ಆ ರಾತ್ರಿ ಅಜ್ಜಮ್ಮನ ವಿಷಯವನ್ನು ಮಕ್ಕಳಿಗೆ ಹೇಳಿದಳು. ಗಂಡ ಹೆಂಡಿರ ನಡುವೆ ಮಾತ್ರ ಮಾತು ನಿಂತಿತು. ಅವಳಿಗೆ ಸಿಟ್ಟಿಗಿಂತ ಸುಸ್ತೇ ಹೆಚ್ಚಾಗಿತ್ತು. ಹಾಗೆಯೇ ಕೆಲವು ದಿನ ಕಳೆದ ಮೇಲೆ ಚಿತ್ತಪ್ಪ ಬೆಳಗಾಗುತ್ತಲೇ ಎಲ್ಲೋ ಹೊರಟುಹೋದ. ಬಲೆ ಹುಡುಕಲು ಹೋಗಿದ್ದಾನೆಂದು ಅವಳು ತಿಳಿದಳು. ಸಂಜೆ ಬರಿಗೈಯಲ್ಲಿ ಬಂದು, ಗೋಡೆಗೊರಗಿ ಕುಳಿತು ಕಾಲು ಚಾಚಿದ. ಪಾದಗಳಲ್ಲಿ ಬೊಬ್ಬೆ ಎದ್ದಿದ್ದವು.

"ಆ ಅಜ್ಜಮ್ಮನ ಸೀರೆ ಒಗೆದು ಕೊಟ್ಟು ಬಂದೆ," ಎಂದ. "ನೀನು ಎಲ್ಲಿ ದಡ ಹತ್ತಿದೆ ಅಂತ ತೋರ್ಸಿದ್ಲು. ನಿಂತು ಈ ಕಡಿ ನೋಡ್ದೆ. ನಮ್ಮೂರು ಕಾಣ್ಲೇ ಇಲ್ಲ." ಪಾದ ಸವರಿಕೊಳ್ಳುತ್ತ ಹೇಳಿದ: "ಅವತ್ತು ಬಾಯಿಗೆ ಬ್ಯಾರೆ ಏನೂ ಬರ್ಲಿಲ್ಲ ಕಣೆ."

ಹೊನ್ನೂರಮ್ಮ ಅವನ ಕಾಲಿಗೆ ಬಿಸಿನೀರು ತಂದಿಟ್ಟಳು.

ಅಂದಿನಿಂದ ಆಷಾಢ ಶ್ರಾವಣಗಳಲ್ಲಿ ಅವಳು ಕೆರೆಗೆ ಇಳಿಯಲಿಲ್ಲ. ಪಕ್ಕದ ಮನೆಯ ಓಂಕಾರಪ್ಪ, "ಎಲ್ರೂ ಹೋಗ್ತಾರೆ, ನಿಂಗೇನಕ್ಕ?" ಎಂದು ಚುಚ್ಚಿದರೆ, "ಹೋಗೋರು ಹೋಗ್ಲಿ" ಎಂದು ಕುಡುಗೋಲು ಹಿಡಿದು ಗದ್ದೆಗೆ ನಡೆಯುತ್ತಿದ್ದಳು. ಚಿತ್ತಪ್ಪ ಆ ತಿಂಗಳುಗಳಲ್ಲಿ ಮನೆಗೊಂದು ಹೊಸ ಬಲೆ ಹೆಣೆದು, ಊರವರ ಬಲೆಗಳನ್ನೂ ಹೆಣೆದುಕೊಟ್ಟ. ಉಳಿದ ಕಾಲದಲ್ಲಿ ಅವಳು ಒಂಟಿಯಾಗಿ ಹೋಗದೆ, ನಾದಿನಿ ಮೂಕಮ್ಮನನ್ನು ಕರೆದುಕೊಂಡು, ಎರಡು ಟ್ಯೂಬು ಜೋಡಿಸಿ ಕಟ್ಟಿ ಹೋಗುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳ ಮದುವೆ ಆ ದುಡಿಮೆಯಲ್ಲೇ ಆಯಿತು. ಒಬ್ಬಳನ್ನು ನ್ಯಾಮತಿಗೆ, ಇನ್ನೊಬ್ಬಳನ್ನು ಜಗಳೂರಿಗೆ ಕೊಟ್ಟರು. ಜಗಳೂರಿನ ಮಗಳು ಬಂದಾಗಲೆಲ್ಲ, ತನ್ನ ಊರಿನಲ್ಲಿ ಕುಡಿಯುವ ನೀರಿಗೇ ಕಷ್ಟ ಎನ್ನುತ್ತಿದ್ದಳು. ಮುಳುಗಿಸುವ ಕೆರೆಯಂತೂ ಅಲ್ಲಿಲ್ಲವೆಂದು ಹೊನ್ನೂರಮ್ಮನಿಗೆ ಅದರಲ್ಲೂ ಒಂದು ನೆಮ್ಮದಿ ಕಾಣುತ್ತಿತ್ತು.

ಎಂಬತ್ತೇಳರ ಮಾಘದಲ್ಲಿ ಒಂದು ಬೆಳಿಗ್ಗೆ ದಡದವರೆಗೆ ಹೋದವಳು ವಾಪಸು ಬಂದಳು.

"ಇವತ್ತು ಗಾಳಿ ಇಲ್ವಲ್ಲ?" ಎಂದ ಚಿತ್ತಪ್ಪ.

"ಗಾಳಿ ಇಲ್ಲ. ನಂಗೇ ಸಾಕಾಗೈತೆ."

"ಸಾಕು ಬಿಡು ಮತ್ತೆ," ಎಂದು ಅವನು ಎದ್ದು, ಎಡಗೈಯಲ್ಲಿ ಚಾ ಪಾತ್ರೆ ಒಲೆಯ ಮೇಲಿಟ್ಟ.